ಹೆಣ್ಣುಮಕ್ಕಳ ವಸತಿ ಶಾಲೆಗೆ ಕೊಡುಗೆ ತರುವವರಿಗೆ: ಹಾಸನ ಜಿಲ್ಲೆಯ ದಾನಿಗಳಿಗೊಂದು ಬಹಿರಂಗ ಪತ್ರ

ಹಾಸನ ಜಿಲ್ಲೆಯ ದಾನಿಗಳಿಗೆ, ಸೇವಾ ಸಂಸ್ಥೆಗಳ ಪದಾಧಿಕಾರಿಗಳಿಗೆ ಹಾಗೂ ವಸತಿ ಶಾಲೆಗಳ ಉಸ್ತುವಾರಿ ಹೊತ್ತಿರುವ ಜಿಲ್ಲಾಡಳಿತದ ಅಧಿಕಾರಿಗಳಿಗೆ,

ಮಾನ್ಯರೇ,

ಸಕಲೇಶಪುರದ ಕಡೆ ಟ್ರಸ್ಟೊಂದು ನಡೆಸುವ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ನಿಲಯ ಮೇಲ್ವಿಚಾರಕಿಯಾಗಿದ್ದು ಈಗ ನಿವೃತ್ತಳಾಗಿರುವ ನಾನು ಈ ಪತ್ರವನ್ನು ಬರೆಯುತ್ತಿರುವುದು ಒಂದೇ ಕೋರಿಕೆಗಾಗಿ. ನೀವು ಈ ಶಾಲೆಗಳಿಗೆ ಕೊಡುತ್ತಾ ಬಂದಿದ್ದೀರಿ, ಮುಂದೆಯೂ ಕೊಡಬೇಕು. ಆದರೆ ಏನನ್ನು ಕೊಡಬೇಕು, ಯಾವಾಗ ಕೊಡಬೇಕು, ಹೇಗೆ ಕೊಡಬೇಕು ಎಂಬುದನ್ನು ಆ ಶಾಲೆಯೊಳಗೆ ಮಕ್ಕಳು ಬಾಳುತ್ತಿರುವ ಬಾಳನ್ನು ನೋಡಿ ತೀರ್ಮಾನಿಸಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಅಲ್ಲಿರುವ ಹೆಣ್ಣುಮಕ್ಕಳು ಕೈಯೊಡ್ಡಿ ಕಾಯುತ್ತಿರುವವರು ಎಂಬ ತಿಳಿವಳಿಕೆಯಿಂದಲೇ ಬಹಳ ಮಂದಿ ಗೇಟಿನೊಳಗೆ ಬರುತ್ತಾರೆ. ಆ ಮಕ್ಕಳಿಗೆ ತಮ್ಮದೇ ಆದ ಕೊಡುಕೊಳ್ಳುವ ರೀತಿಯಿದೆ, ಅದಕ್ಕೆ ಅವರದೇ ಆದ ಮರ್ಯಾದೆಯಿದೆ ಎನ್ನುವುದು ಹೊರಗಿನವರಿಗೆ ತಿಳಿಯುವುದು ಅಪರೂಪ. ಅದನ್ನು ತಿಳಿಸಿದ ಮೇಲೆಯೇ ಉಳಿದದ್ದನ್ನು ಹೇಳುತ್ತೇನೆ.

ನಮ್ಮ ಜಿಲ್ಲೆ ಒಂದೇ ಬಗೆಯ ನೆಲವಲ್ಲ. ಪಶ್ಚಿಮಕ್ಕೆ ಕಾಫಿ, ಏಲಕ್ಕಿ, ಮೆಣಸಿನ ಮಲೆನಾಡು. ಪೂರ್ವಕ್ಕೆ ಅರಸೀಕೆರೆ, ಚನ್ನರಾಯಪಟ್ಟಣದ ತೆಂಗು ಮತ್ತು ರಾಗಿಯ ಬಯಲು. ವಸತಿ ಶಾಲೆಗೆ ಆರನೇ ತರಗತಿಗೆ ಸೇರುವ ಹುಡುಗಿಯರಲ್ಲಿ ಎಸ್ಟೇಟಿನ ಕೂಲಿಕಾರರ ಲೈನ್ ಮನೆಯಿಂದ ಬಂದವಳೂ ಇರುತ್ತಾಳೆ, ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದ ಮನೆಯವಳೂ ಇರುತ್ತಾಳೆ. ಅಕ್ಕಿ ರೊಟ್ಟಿ, ಕಡುಬು ತಿಂದು ಬೆಳೆದವಳ ತಟ್ಟೆಗೆ ಮೊದಲ ರಾತ್ರಿ ಮುದ್ದೆ ಬೀಳುತ್ತದೆ. ಅದನ್ನು ಅಗಿಯಲು ಹೋಗಿ ಅಂಗುಳಕ್ಕೆ ಅಂಟಿಸಿಕೊಂಡು ಕಣ್ಣಲ್ಲಿ ನೀರು ತುಂಬಿಕೊಳ್ಳುವ ಆ ಮಗುವಿನ ಪಕ್ಕ ಕುಳಿತು, ಮುರಿದು, ಬಸ್ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗುವುದನ್ನು ತೋರಿಸಿಕೊಡುವವಳು ನಾನೂ ಅಲ್ಲ, ಅಡುಗೆಯಮ್ಮನೂ ಅಲ್ಲ. ಅರಸೀಕೆರೆ ಸೀಮೆಯ ಒಂಬತ್ತನೇ ತರಗತಿಯ ಹುಡುಗಿ.

ಆ ಹುಡುಗಿಯನ್ನು ನಮ್ಮಲ್ಲಿ ಹೊಸಬಳ ‘ಅಕ್ಕ’ ಎಂದು ಗೊತ್ತುಮಾಡಲಾಗುತ್ತದೆ. ಪ್ರತಿ ಹೊಸ ಹುಡುಗಿಗೂ ಒಬ್ಬ ಅಕ್ಕ ಇರಬೇಕೆಂಬುದು ಶಾಲೆ ಶುರುವಾದಾಗಿನಿಂದ ನಡೆದು ಬಂದ ಪದ್ಧತಿ. ಟ್ರಂಕಿನ ಬೀಗದ ಕೈಯನ್ನು ಎಲ್ಲಿ ಕಟ್ಟಿಕೊಳ್ಳಬೇಕು, ಬಟ್ಟೆ ಒಗೆಯುವ ಕಲ್ಲಿಗೆ ಎಷ್ಟು ಹೊತ್ತಿಗೆ ಎದ್ದರೆ ಸರದಿ ಸಿಗುತ್ತದೆ ಎಂಬುದರಿಂದ ಹಿಡಿದು ಮೊದಲ ಸಲ ಮುಟ್ಟಾದ ದಿನ ಏನು ಮಾಡಬೇಕೆಂಬವರೆಗೆ ಎಲ್ಲವನ್ನೂ ಹೇಳಿಕೊಡುವವಳು ಅವಳೇ. ಭಾನುವಾರ ಬೆಳಗ್ಗೆ ಹಿಂದಿನ ಜಗಲಿಯಲ್ಲಿ ಮೆಟ್ಟಿಲಿಗೊಬ್ಬರಂತೆ ಸಾಲಾಗಿ ಕುಳಿತು, ಮೇಲಿನವಳು ಕೆಳಗಿನವಳ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಸೀರಣಿಗೆಯಲ್ಲಿ ಹೇನು ಬಾಚಿ, ಎರಡು ಜಡೆ ಹೆಣೆದು ರಿಬ್ಬನ್ನು ಕಟ್ಟುವುದನ್ನು ನೀವು ನೋಡಬೇಕು. ಯಾವ ಜಾತಿಯ ತಲೆ, ಯಾವ ಜಾತಿಯ ಕೈ ಎಂದು ಅಲ್ಲಿ ಕೇಳುವವರಿಲ್ಲ. ಊರಿನಲ್ಲಿ ಒಂದೇ ಬಾವಿಯ ಬಳಿ ನಿಲ್ಲದ ಮನೆಗಳ ಮಕ್ಕಳು ಇಲ್ಲಿ ಒಂದೇ ಬಾಚಣಿಗೆಗಾಗಿ ಜಗಳವಾಡಿ ರಾಜಿಯಾಗುತ್ತಾರೆ. ವಸತಿ ಶಾಲೆಯಿಂದ ಈ ನಾಡಿಗೆ ಆಗಿರುವ ಉಪಕಾರದಲ್ಲಿ ಪರೀಕ್ಷೆಯ ಫಲಿತಾಂಶಕ್ಕಿಂತ ಇದನ್ನೇ ನಾನು ದೊಡ್ಡದೆಂದು ಎಣಿಸುತ್ತೇನೆ.

ಇನ್ನು ದಾನದ ವಿಷಯ. ದಸರಾ ರಜೆ, ಬೇಸಿಗೆ ರಜೆ ಮುಗಿಸಿ ಬರುವಾಗ ಪ್ರತಿ ಹುಡುಗಿಯೂ ತನ್ನ ಮನೆಯಲ್ಲಿ ಬೆಳೆದದ್ದನ್ನು ಒಂದಿಷ್ಟು ತಂದು ಉಗ್ರಾಣಕ್ಕೆ ಹಾಕುವುದು ನಮ್ಮ ಶಾಲೆಯ ಇನ್ನೊಂದು ರೂಢಿ. ಒಬ್ಬಳು ಎರಡು ಸೇರು ಅಕ್ಕಿ ತರುತ್ತಾಳೆ, ಒಬ್ಬಳು ರಾಗಿ, ಒಬ್ಬಳು ನಾಲ್ಕು ತೆಂಗಿನಕಾಯಿ, ಹಾಸನದ ಸುತ್ತಲಿನವಳು ಒಂದು ಚೀಲ ಆಲೂಗಡ್ಡೆ, ತೋಟದ ಕಡೆಯವಳು ಕಾಗದದಲ್ಲಿ ಸುತ್ತಿದ ಒಂದು ಹಿಡಿ ಕಾಳುಮೆಣಸು. ಮನೆಯಲ್ಲಿ ಏನೂ ಬೆಳೆಯದವಳು ಅಮ್ಮ ತೆಂಗಿನಗರಿಯ ಕಡ್ಡಿ ಸೀಳಿ ಕಟ್ಟಿಕೊಟ್ಟ ಪೊರಕೆಯನ್ನೋ, ಬೇಲಿಯ ಮೇಲಿನ ಸೀಗೆಕಾಯಿಯನ್ನೋ ತರುತ್ತಾಳೆ. ಉಗ್ರಾಣದ ಬಾಗಿಲು ಆ ದಿನ ಸಂಜೆಯವರೆಗೂ ತೆರೆದಿರುತ್ತದೆ, ಒಳಗೆ ದೊಡ್ಡವರು ಯಾರೂ ನಿಲ್ಲುವುದಿಲ್ಲ, ಯಾರು ಏನು ತಂದರೆಂದು ಬರೆದಿಡುವುದಿಲ್ಲ. ಬರೆದಿಡುವುದು ಬೇಡವೆಂದು ತೀರ್ಮಾನಿಸಿದವರು ನಮಗಿಂತ ಹಿಂದಿನ ಮೇಲ್ವಿಚಾರಕಿಯರು. ಅವರ ವಿವೇಕಕ್ಕೆ ನಾನು ಈಗಲೂ ಕೈಮುಗಿಯುತ್ತೇನೆ. ಪೊರಕೆ ತಂದವಳೂ ಅಕ್ಕಿ ತಂದವಳೂ ಮಾರನೆಯ ದಿನ ಊಟದ ಸಾಲಿನಲ್ಲಿ ಒಂದೇ ಸಮ ನಿಲ್ಲಲು ಸಾಧ್ಯವಾಗುವುದು ಅದರಿಂದಲೇ.

ಹಾಗೆಯೇ ಹತ್ತನೇ ತರಗತಿಯವರು ಪರೀಕ್ಷೆ ಮುಗಿಸಿ ಹೊರಡುವ ಮುನ್ನ ತಮ್ಮ ಸ್ವೆಟರು, ಕಂಪಾಸ್ ಬಾಕ್ಸು, ಗೈಡು, ಹರಿಯದ ಸಮವಸ್ತ್ರಗಳನ್ನು ಒಗೆದು, ಗುಂಡಿ ಹಾಕಿ, ಮಡಿಸಿ ಬಿಟ್ಟುಹೋಗುತ್ತಾರೆ. ಸಂಕ್ರಾಂತಿಯಲ್ಲಿ ತಾವೇ ಹೆಚ್ಚಿದ ಕೊಬ್ಬರಿ, ಬೆಲ್ಲ, ಹುರಿದ ಎಳ್ಳು ಬೆರೆಸಿ, ಸುತ್ತಲಿನ ಒಂಟಿ ಮುದುಕಿಯರ ಮನೆಗಳಿಗೂ ಲೈನ್ ಮನೆಗಳಿಗೂ ಎಳ್ಳು ಬೀರಲು ಹೋಗುತ್ತಾರೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದು ಮನೆಗಳು ಮುಳುಗಿದಾಗ, ಹಬ್ಬದ ಸಿಹಿಯೂಟ ಬೇಡ, ಆ ಹಣವನ್ನು ಅಲ್ಲಿಗೆ ಕಳಿಸಿ ಎಂದು ಬಂದು ಹೇಳಿದವರು ವಿದ್ಯಾರ್ಥಿನಿ ಸಂಘದ ಹುಡುಗಿಯರು. ನಾವು ಅವರಿಗೆ ಅದನ್ನು ಸೂಚಿಸಿರಲಿಲ್ಲ. ತಮ್ಮ ಮನೆಯ ಮಾಡೂ ಸೋರುತ್ತಿದ್ದ ಮಳೆಯಲ್ಲಿ ಅವರು ಆ ಮಾತನ್ನು ಆಡಿದರು.

ಹೀಗೆ ಬದುಕುತ್ತಿರುವ ಮಕ್ಕಳ ನಡುವೆ ನಮ್ಮ ದಾನ ಯಾವ ರೀತಿ ಬಂದಿಳಿಯುತ್ತದೆ ಎಂಬುದನ್ನು ದಯಮಾಡಿ ಯೋಚಿಸಿ. ಬೆಳಗ್ಗೆ ಹತ್ತಕ್ಕೆ ಬರುತ್ತೇವೆಂದವರು ಹನ್ನೆರಡಕ್ಕೆ ಬರುತ್ತಾರೆ. ಅಲ್ಲಿಯವರೆಗೆ ಮಕ್ಕಳು ಪಾಠ ಬಿಟ್ಟು ಸಭಾಂಗಣದಲ್ಲಿ ಕುಳಿತಿರುತ್ತಾರೆ. ಸ್ವಾಗತ ಗೀತೆ, ಹಾರ, ಶಾಲು, ಭಾಷಣ, ಆಮೇಲೆ ಒಬ್ಬೊಬ್ಬಳನ್ನೇ ವೇದಿಕೆಗೆ ಕರೆದು ನೋಟ್ ಪುಸ್ತಕವನ್ನು ಅರ್ಧ ಅವಳ ಕೈಯಲ್ಲಿ, ಅರ್ಧ ತಮ್ಮ ಕೈಯಲ್ಲಿ ಹಿಡಿದು ಫೋಟೊ. ಸಂಜೆಯೊಳಗೆ ಆ ಫೋಟೊ ‘ಬಡ ಹೆಣ್ಣುಮಕ್ಕಳಿಗೆ ಉಚಿತ ವಿತರಣೆ’ ಎಂಬ ಒಕ್ಕಣೆಯೊಂದಿಗೆ ವಾಟ್ಸ್‌ಆ್ಯಪ್‌ನಲ್ಲಿ ಊರೂರು ಸುತ್ತಿ ಅವಳ ಸ್ವಂತ ಹಳ್ಳಿಗೂ ತಲುಪಿರುತ್ತದೆ. ರಜೆಗೆ ಹೋದವಳನ್ನು ಸೋದರಮಾವನ ಮಕ್ಕಳು ಅದೇ ಮಾತಿನಿಂದ ಆಡಿಕೊಂಡರೆಂದು ಒಬ್ಬಳು ನನ್ನ ಬಳಿ ಹೇಳಿಕೊಂಡಳು. ಮುಂದಿನ ಸಲ ಯಾರಾದರೂ ಬಂದಾಗ ತನ್ನನ್ನು ಅಡುಗೆಮನೆಯ ಪಾಳಿಗೆ ಹಾಕಿಬಿಡಿ ಎಂದು ಅವಳು ಕೇಳಿಕೊಂಡಳು.

ಇದಕ್ಕಿಂತ ನೋವಿನದು ಇನ್ನೊಂದಿದೆ. ಬೇರೊಂದು ನಿಲಯದಲ್ಲಿ ನಡೆದ ಕಾರ್ಯಕ್ರಮಕ್ಕೆ ನನ್ನನ್ನೂ ಕರೆದಿದ್ದರು. ಅಂದು ಹಂಚಿದ್ದು ಸ್ಯಾನಿಟರಿ ಪ್ಯಾಡುಗಳನ್ನು. ಕೊಟ್ಟವರ ಉದ್ದೇಶ ಒಳ್ಳೆಯದೇ. ಹುಡುಗಿಯರಿಗೆ ಉಚಿತವಾಗಿ ಪ್ಯಾಡು ಕೊಡುವ ಸರ್ಕಾರದ ಶುಚಿ ಯೋಜನೆಯ ಪೂರೈಕೆ ನಡುವೆ ಕೆಲವು ವರ್ಷ ನಿಂತುಹೋಗಿದ್ದಾಗ ನಿಲಯಗಳು ಎಷ್ಟು ಪರದಾಡಿದವೆಂದು ನನಗೆ ಗೊತ್ತು. ಆದರೆ ಹನ್ನೆರಡು ಹದಿಮೂರು ವರ್ಷದ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಪೊಟ್ಟಣವನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಲು ಹೇಳಿ, ಗಂಡಸರೇ ಹೆಚ್ಚಿದ್ದ ಸಭೆಯಲ್ಲಿ ಫೋಟೊ ತೆಗೆದರು. ಒಬ್ಬ ಹುಡುಗಿ ಪೊಟ್ಟಣದ ಹಿಂದೆ ಮುಖ ಮರೆಸಿಕೊಳ್ಳಲು ನೋಡಿದಳು. ‘ತಲೆ ಎತ್ತಮ್ಮಾ’ ಎಂದು ಕ್ಯಾಮೆರಾದವರು ಗದರಿಸಿದರು. ನಿಮ್ಮ ಮನೆಯ ಮಗಳನ್ನು ಹಾಗೆ ನಿಲ್ಲಿಸಲು ನೀವು ಒಪ್ಪುತ್ತೀರಾ ಎಂದು ನಾನು ಪ್ರತಿಯೊಬ್ಬ ದಾನಿಯನ್ನೂ ಕೇಳುತ್ತೇನೆ. ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿ ಮೇಲ್ವಿಚಾರಕಿಯ ಕೋಣೆಗೆ ಕಳಿಸಿದ್ದರೆ ಅದೇ ಪ್ಯಾಡುಗಳು ಅದೇ ಮಕ್ಕಳಿಗೆ ಮರ್ಯಾದೆಯಿಂದ ತಲುಪುತ್ತಿದ್ದವು.

ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಹೆಸರು, ಭಾವಚಿತ್ರ, ಶಾಲೆ ಮುಂತಾದ ಗುರುತುಗಳನ್ನು ಮಾಧ್ಯಮಗಳಲ್ಲಿ ಬಹಿರಂಗಪಡಿಸಬಾರದೆಂದು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಹೇಳುತ್ತದೆ. ವಸತಿ ಶಾಲೆಯ ಪ್ರತಿ ವಿದ್ಯಾರ್ಥಿನಿಯೂ ಕಾಯ್ದೆಯ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ ನಿಜ. ಆದರೂ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವಳು, ಬಾಲ್ಯವಿವಾಹದಿಂದ ತಪ್ಪಿಸಿ ಕರೆತಂದವಳು, ಕುಡುಕ ತಂದೆಯ ಕೈಯಿಂದ ತಾಯಿಯೇ ಪಾರುಮಾಡಿ ಇಲ್ಲಿ ಸೇರಿಸಿದವಳು ಅದೇ ಸಾಲಿನಲ್ಲಿ ನಿಂತಿರುತ್ತಾರೆ. ಅವರಲ್ಲಿ ಯಾರು ಯಾರೆಂದು ಬಂದವರಿಗೆ ಗೊತ್ತಿರುವುದಿಲ್ಲ, ಗೊತ್ತಾಗಲೂಬಾರದು. ಯಾರ ಫೋಟೊವನ್ನೂ ತೆಗೆಯದಿರುವುದು ಒಂದೇ ಕ್ಷೇಮದ ದಾರಿ. ಲೆಕ್ಕಕ್ಕೆ ಬೇಕೆಂದರೆ ರಸೀದಿ ಪಡೆಯಿರಿ, ವಸ್ತುಗಳ ಫೋಟೊ ತೆಗೆಯಿರಿ, ಕಟ್ಟಡದ ಫೋಟೊ ತೆಗೆಯಿರಿ. ದಾನಕ್ಕೆ ಸಿಗುವ ಆದಾಯ ತೆರಿಗೆಯ ರಿಯಾಯಿತಿಗೆ ಬೇಕಾಗುವುದು ಮಗುವಿನ ಮುಖವಲ್ಲ.

ಏನನ್ನು ಕೊಡಬೇಕೆಂಬ ಮಾತಿಗೆ ಬರುತ್ತೇನೆ. ನಮ್ಮ ಜಿಲ್ಲೆಯಲ್ಲಿ ಹೆಣ್ಣುಮಕ್ಕಳು ಕೊಟ್ಟ ದಾನಗಳು ಕಲ್ಲಿನಲ್ಲೇ ಉಳಿದಿವೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ವಿಷ್ಣುವರ್ಧನನ ರಾಣಿ ಶಾಂತಲೆ 1123ರಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಳು. ಕೆಳಗಿನ ಊರಿನಲ್ಲಿ ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ ಆಚಿಯಕ್ಕ 1181ರಲ್ಲಿ ಕಟ್ಟಿಸಿದ್ದು ಇಂದಿಗೂ ಅಕ್ಕನ ಬಸದಿಯೆಂದೇ ಹೆಸರಾಗಿದೆ. ಗಂಡ ಶೈವ, ಹೆಂಡತಿ ಜೈನೆ. ಆ ಬಸದಿಗಾಗಿ ಅರಸನಿಂದ ಒಂದು ಗ್ರಾಮವೇ ದತ್ತಿಯಾಗಿ ದೊರೆಯಿತು. ಆ ಕಾಲದ ದತ್ತಿ ಶಾಸನಗಳನ್ನು ಓದಿದವರಿಗೆ ಒಂದು ವಿಷಯ ಕಣ್ಣಿಗೆ ಬೀಳದೆ ಇರದು. ಕಟ್ಟಿಸಿದಲ್ಲಿಗೆ ಕೆಲಸ ಮುಗಿಯಿತೆಂದು ಅವರು ಎಣಿಸುತ್ತಿರಲಿಲ್ಲ. ಋಷಿಗಳ ಆಹಾರದಾನಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ, ಅಂದರೆ ಒಡೆದದ್ದು ಬಿರಿದದ್ದನ್ನು ಸರಿಪಡಿಸುವುದಕ್ಕೆ, ಇಂತಿಂಥ ಭೂಮಿಯ ಹುಟ್ಟುವಳಿ ಸಲ್ಲಬೇಕೆಂದು ಮೊದಲೇ ಗೊತ್ತುಮಾಡುತ್ತಿದ್ದರು.

ನಮ್ಮ ಈಗಿನ ದಾನದಲ್ಲಿ ಇಲ್ಲದಿರುವುದು ಅದೇ. ನಮ್ಮ ಶಾಲೆಯಲ್ಲಿ ದಾನಿಗಳ ಹೆಸರು ಕೆತ್ತಿದ ನೀರು ಶುದ್ಧೀಕರಣ ಯಂತ್ರಗಳು ಗೋಡೆಯ ಮೇಲೆ ಸಾಲಾಗಿದ್ದವು; ಅವುಗಳ ಫಿಲ್ಟರು ಬದಲಿಸಲು ಹಣವಿಲ್ಲದೆ ನಾವು ಹಂಡೆಯಲ್ಲಿ ನೀರು ಕಾಯಿಸಿ ಆರಿಸಿ ಕುಡಿಸುತ್ತಿದ್ದೆವು. ಶೌಚಾಲಯವನ್ನು ಕಟ್ಟಿಸಿಕೊಟ್ಟವರಿದ್ದರು, ಅದರ ಬಾಗಿಲಿನ ಚಿಲಕ ಮುರಿದಾಗ ಹೊಸದು ಹಾಕಿಸಲು ಯಾರೂ ಇರಲಿಲ್ಲ. ಹುಡುಗಿಯೊಬ್ಬಳು ಒಳಗಿದ್ದಾಗ ಇನ್ನೊಬ್ಬಳು ಬೆನ್ನು ಕೊಟ್ಟು ಬಾಗಿಲನ್ನು ಒತ್ತಿ ಹಿಡಿದು ನಿಲ್ಲುವುದು ಅವರೊಳಗಿನ ಒಪ್ಪಂದವಾಗಿತ್ತು. ಕೆಲವೇ ರೂಪಾಯಿಯ ಆ ಚಿಲಕಕ್ಕೆ ಫಲಕ ಹಾಕಿಸಲು ಬರುವುದಿಲ್ಲ, ಅದರ ಉದ್ಘಾಟನೆಗೆ ಯಾರನ್ನೂ ಕರೆಯಲು ಬರುವುದಿಲ್ಲ. ಆದರೆ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಅದಕ್ಕಿಂತ ದೊಡ್ಡ ದಾನವನ್ನು ನಾನು ಕಂಡಿಲ್ಲ. ಪ್ಲಂಬರನ ಕೂಲಿ, ಶೌಚಗುಂಡಿ ಖಾಲಿ ಮಾಡಿಸುವ ಖರ್ಚು, ಸೋರುವ ಹೆಂಚು, ಸುಟ್ಟುಹೋದ ಮೋಟಾರಿನ ರಿವೈಂಡಿಂಗು: ವರ್ಷಕ್ಕೊಮ್ಮೆ ಇಷ್ಟಕ್ಕೆಂದೇ ಒಂದು ಮೊತ್ತವನ್ನು ಎತ್ತಿಡುವ ಒಂದು ಕುಟುಂಬವೋ ಒಂದು ಸಂಘವೋ ಪ್ರತಿ ಶಾಲೆಗೂ ಸಿಕ್ಕರೆ ಸಾಕು.

ಕಾಲದ ಮಾತೂ ಅಷ್ಟೇ ಮುಖ್ಯ. ಆಗಸ್ಟ್ 15, ನವೆಂಬರ್ 14 ಮತ್ತು ಜನವರಿ 26ರ ಆಸುಪಾಸಿನಲ್ಲಿ ಊಟ ಹಾಕಿಸುತ್ತೇವೆಂದು ಬರುವವರು ಎಷ್ಟೋ. ಒಂದೇ ವಾರದಲ್ಲಿ ಪಾಯಸ, ಲಾಡು, ಹೋಳಿಗೆ ಉಂಡು ಮಕ್ಕಳ ಹೊಟ್ಟೆ ಕೆಟ್ಟದ್ದುಂಟು. ಮಲೆನಾಡಿನ ಜೂನ್, ಜುಲೈ ತಿಂಗಳುಗಳಲ್ಲಿ ಒಬ್ಬರೂ ಈ ಕಡೆ ಬರುವುದಿಲ್ಲ, ನಮಗೆ ಜನ ಬೇಕಾಗುವುದು ಆಗಲೇ. ವಾರಗಟ್ಟಲೆ ಸೂರ್ಯನ ಮುಖ ಕಾಣದೆ ಒಗೆದ ಬಟ್ಟೆ ಒಣಗುವುದಿಲ್ಲ, ಹಸಿ ಸಮವಸ್ತ್ರವನ್ನೇ ಉಟ್ಟು ತೊಡೆಸಂದಿಯಲ್ಲಿ ಕಜ್ಜಿ ಏಳುತ್ತದೆ, ಸೋಲಾರ್ ಹೀಟರು ತಣ್ಣೀರನ್ನೇ ಕೊಡುತ್ತದೆ, ಸೌದೆ ನೆನೆದು ಹೊಗೆಯಾಡುತ್ತದೆ, ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ಕರೆಂಟು ಇರುವುದಿಲ್ಲ. ಒಲೆಯ ಬಿಸಿಗೆ ಬಟ್ಟೆ ಒಣಗಿಸುವಂಥ ಒಂದು ಕೋಣೆ, ಮೇ ತಿಂಗಳಲ್ಲೇ ತಂದು ಸೂರಿನಡಿ ಪೇರಿಸಿದ ಒಂದು ಲೋಡು ಒಣ ಸೌದೆ, ರಾತ್ರಿ ಓದಲು ಬ್ಯಾಟರಿಯ ದೀಪ, ಒಬ್ಬೊಬ್ಬಳಿಗೂ ಇನ್ನೊಂದು ಜೊತೆ ಒಳಉಡುಪು. ನಿಮ್ಮ ಮಗನ ಹುಟ್ಟುಹಬ್ಬ ಯಾವ ತಿಂಗಳಲ್ಲೇ ಬರಲಿ, ಅದರ ಹೆಸರಿನ ಕೊಡುಗೆ ಮುಂಗಾರಿಗೆ ಮೊದಲು ಇಲ್ಲಿಗೆ ತಲುಪಲಿ.

ಅಡುಗೆಗೆ ದವಸ ಕೊಡುವವರಿಗೂ ಒಂದು ಮಾತಿದೆ. ಪಕ್ಕದ ತುಮಕೂರಿನ ಸಿದ್ಧಗಂಗಾ ಮಠಕ್ಕೆ ರೈತರು ತಾವು ಬೆಳೆದ ರಾಗಿ, ಅಕ್ಕಿ, ತೆಂಗನ್ನು ದಾಸೋಹಕ್ಕೆಂದು ತಾವೇ ಹೊತ್ತು ತಂದು ಒಪ್ಪಿಸುವುದನ್ನು ಬಲ್ಲೆವು. ಸಾವಿರಾರು ಮಕ್ಕಳ ಊಟ ಅಲ್ಲಿ ಅಂಥ ಸಣ್ಣ ಸಣ್ಣ ಕೊಡುಗೆಗಳಿಂದ ನಡೆದುಬಂದಿದೆ. ನಮ್ಮ ಹೆಣ್ಣುಮಕ್ಕಳ ಶಾಲೆಗಳ ಹಿಂದೆ ಅಂಥ ಮಠಗಳಿಲ್ಲದಿರಬಹುದು, ಕಣಗಳು ಇವೆ. ಸುಗ್ಗಿಯಲ್ಲಿ ಒಂದು ಮೂಟೆಯನ್ನು ಹತ್ತಿರದ ಶಾಲೆಯ ಉಗ್ರಾಣಕ್ಕೆ ಇಳಿಸಿ ಹೋಗುವುದಕ್ಕೆ ವೇದಿಕೆಯೂ ಬೇಡ, ಶಾಮಿಯಾನವೂ ಬೇಡ.

ನಾನು ಅತ್ಯಂತ ಒತ್ತಿ ಹೇಳಬೇಕಾದದ್ದು ಹತ್ತನೇ ತರಗತಿಯ ನಂತರದ ದಿನಗಳ ಬಗ್ಗೆ. ನಮ್ಮಂಥ ಶಾಲೆಗಳಲ್ಲಿ ವಸತಿ ಎಸ್ಸೆಸ್ಸೆಲ್ಸಿಗೆ ಮುಗಿಯುತ್ತದೆ. 2004ರಲ್ಲಿ ಆರಂಭವಾದ, ಹೆಣ್ಣುಮಕ್ಕಳ ಸರ್ಕಾರಿ ವಸತಿ ಶಾಲೆಗಳಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳನ್ನು ಹನ್ನೆರಡನೇ ತರಗತಿಯವರೆಗೆ ವಿಸ್ತರಿಸಲು 2018ರ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶ ಮಾಡಿದ್ದಾರೆ, ಮೆಟ್ರಿಕ್ ನಂತರದ ಸರ್ಕಾರಿ ನಿಲಯಗಳೂ ಇವೆ. ಆದರೆ ಏಪ್ರಿಲ್‌ನಲ್ಲಿ ಟ್ರಂಕು ಹೊತ್ತು ಮನೆಗೆ ಹೋದ ಹುಡುಗಿ ಪಿಯುಸಿಗೆ ದಾಖಲಾಗುವಷ್ಟರಲ್ಲಿ ಮನೆಯವರ ಮನಸ್ಸು ತಿರುಗಿರುತ್ತದೆ. ಅರ್ಜಿ ಶುಲ್ಕ, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ತಾಲ್ಲೂಕು ಕಚೇರಿಗೆ ಅಲೆಯುವ ಬಸ್ ಚಾರ್ಜು, ಹೊಸ ಸಮವಸ್ತ್ರ, ನಿಲಯದಲ್ಲಿ ಸೀಟು ಸಿಗುವವರೆಗೆ ಉಳಿಯಲು ಒಂದು ಜಾಗ, ಇವಿಷ್ಟು ಇಲ್ಲವೆಂಬ ಕಾರಣಕ್ಕೇ ‘ಇರಲಿ ಬಿಡು, ಒಂದು ವರ್ಷ ಮನೆಯಲ್ಲಿರಲಿ’ ಎಂಬ ಮಾತು ಹುಟ್ಟುತ್ತದೆ. ಆ ಒಂದು ವರ್ಷದಲ್ಲಿ ಗಂಡು ಗೊತ್ತಾಗುತ್ತದೆ. ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧು ಎಂದು ನಮ್ಮ ರಾಜ್ಯ ಕಾಯ್ದೆಗೆ ತಿದ್ದುಪಡಿ ತಂದಿದೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೆ ನೆರವಿಗೆ ಬರುವವರಿದ್ದಾರೆ. ಆದರೂ ಹದಿನಾರರ ಹುಡುಗಿಗೆ ಕಾಯ್ದೆಗಿಂತ ಮೊದಲು ಬೇಕಾಗುವುದು ಕಾಲೇಜಿನ ಗುರುತಿನ ಚೀಟಿ. ನೀವು ಐದು ವರ್ಷ ಊಟ ಹಾಕಿಸಿದ ಮಗುವನ್ನು ಈ ಮೂರು ತಿಂಗಳು ಕೈಬಿಡಬೇಡಿ. ಹೊರಹೋಗುವ ಪ್ರತಿ ತಂಡದ ಜೊತೆ ಒಬ್ಬ ದಾನಿ, ಒಬ್ಬ ಶಿಕ್ಷಕಿ, ಹಿಂದಿನ ವರ್ಷದ ಒಬ್ಬ ವಿದ್ಯಾರ್ಥಿನಿ, ಈ ಮೂವರು ಏಪ್ರಿಲ್‌ನಿಂದ ಜೂನ್‌ವರೆಗೆ ನಿಂತರೆ ಆಗುವ ಕೆಲಸವನ್ನು ನೂರು ಸಲದ ಅನ್ನದಾನ ಮಾಡಲಾರದು.

ಅಧಿಕಾರಿಗಳಲ್ಲಿ ನನ್ನ ವಿನಂತಿ ಸಂಕ್ಷಿಪ್ತವಾಗಿದೆ. ಕೊಡುಗೆಯ ವಸ್ತುವನ್ನು ಹಿಡಿಸಿ ವಿದ್ಯಾರ್ಥಿನಿಯರ ಫೋಟೊ ತೆಗೆಯಬಾರದು, ಸಂದರ್ಶಕರು ಪಾಠದ ಅವಧಿಯಲ್ಲಿ ಮತ್ತು ಸಂಜೆಯ ನಂತರ ನಿಲಯದೊಳಗೆ ಬರಬಾರದು, ಮಲಗುವ ಕೋಣೆಗಳ ಕಡೆಗೆ ಯಾರನ್ನೂ ಕರೆದೊಯ್ಯಬಾರದು, ಪ್ಯಾಡು ಮತ್ತು ಒಳಉಡುಪುಗಳ ವಿತರಣೆ ಮಹಿಳಾ ಸಿಬ್ಬಂದಿಯಿಂದಲೇ ಖಾಸಗಿಯಾಗಿ ನಡೆಯಬೇಕು ಎಂದು ಜಿಲ್ಲೆಯ ಸರ್ಕಾರಿ, ಅನುದಾನಿತ ಮತ್ತು ಟ್ರಸ್ಟಿನ ಎಲ್ಲ ಹೆಣ್ಣುಮಕ್ಕಳ ವಸತಿ ಶಾಲೆಗಳಿಗೂ ಒಂದು ಸುತ್ತೋಲೆ ಹೊರಡಿಸಿ. ದಾನಿಗಳನ್ನು ಎದುರು ಹಾಕಿಕೊಳ್ಳಲು ಹೆದರುವ ಮೇಲ್ವಿಚಾರಕಿಗೆ ಆ ಕಾಗದವೊಂದು ಆಸರೆಯಾಗುತ್ತದೆ. ಹಾಗೆಯೇ ಪ್ರತಿ ಶಾಲೆಯ ಅಗತ್ಯಗಳ ಪಟ್ಟಿಯನ್ನು ವಿದ್ಯಾರ್ಥಿನಿಯರ ಸಂಘವೇ ಬರೆದು ಕಚೇರಿಯ ಫಲಕದಲ್ಲಿ ಹಚ್ಚುವ ವ್ಯವಸ್ಥೆ ಮಾಡಿ. ತಮಗೆ ಏನು ಬೇಕೆಂಬುದನ್ನು ಅವರು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲರು, ಅಗತ್ಯಕ್ಕಿಂತ ಹೆಚ್ಚಾಗಿ ಕೇಳುವವರೂ ಅವರಲ್ಲ.

ದಾನಿಗಳೇ, ಶಾಲೆಗೆ ಬರಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಬನ್ನಿ, ಸಂಕ್ರಾಂತಿಯ ದಿನ ಬನ್ನಿ, ಮಕ್ಕಳು ಬೀರುವ ಎಳ್ಳು ಬೆಲ್ಲವನ್ನು ನೀವು ಪಡೆದುಕೊಳ್ಳಿ. ಅವರ ಸಾಲಿನಲ್ಲೇ ಕುಳಿತು ಅವರು ಬಡಿಸಿದ್ದನ್ನು ಊಟಮಾಡಿ, ಕೈತೋಟದಲ್ಲಿ ಅವರು ಬೆಳೆದ ಹರಿವೆ, ಬದನೆ, ಹೀರೆಯನ್ನು ನೋಡಿ, ಅವರ ತಟ್ಟೆಯ ಪಕ್ಕದಲ್ಲಿ ನಿಮ್ಮ ತಟ್ಟೆಯನ್ನೂ ತೊಳೆದಿಡಿ. ಚಿಲಕ ಮುರಿದಿರುವುದು, ಸೌದೆ ತೀರಿರುವುದು ಆಗ ತಾನಾಗಿ ನಿಮ್ಮ ಕಣ್ಣಿಗೆ ಬೀಳುತ್ತದೆ. ಈ ವರ್ಷದ ಮುಂಗಾರು ಶುರುವಾಗುವುದಕ್ಕೆ ಮೊದಲು ನಿಮ್ಮ ನಿಮ್ಮ ತಾಲ್ಲೂಕಿನ ಒಂದು ಶಾಲೆಗೆ ಹೀಗೊಮ್ಮೆ ಹೋಗಿಬರಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ನಿಲಯ ಮೇಲ್ವಿಚಾರಕಿ,
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ